ಪುಟ್ಟಯ್ಯ ಕೇಳಿದ ಚೀಟಿ

ಪುಟ್ಟಯ್ಯ ಪ್ಲಾಸ್ಟಿಕ್ ಡಬ್ಬಿಯನ್ನು ಮೇಜಿನ ಮೇಲಿಟ್ಟ. ಮುಚ್ಚಳಕ್ಕೆ ತೂತು ಕೊರೆದಿತ್ತು. ಒಳಗೆ ಕಪ್ಪು ಮೈಗೆ ಬಿಳಿ ಪಟ್ಟೆಯ ಹಾವು ಸುರುಳಿ ಸುತ್ತಿ ಮಲಗಿತ್ತು.

"ಹೊಡೆದಿಲ್ಲ ಸಾರ್. ಕೊಲ್ಲಬೇಡಿ ಅಂತ ನೀವೇ ಹೇಳಿದ್ರಲ್ಲ."

ಶಿವಮೊಗ್ಗದ ಕಾಲೇಜೊಂದರಲ್ಲಿ ಹಾವು, ಕಪ್ಪೆಗಳ ಹಿಂದೆ ಇಪ್ಪತ್ತು ವರ್ಷ ಸವೆಸಿದ ಶಿವಪ್ರಸಾದರಿಗೆ ಎರಡನೇ ಸಲ ನೋಡಬೇಕಾಗಲಿಲ್ಲ. ಕಟ್ಟು ಹಾವು. ನಾಗರನಿಗಿಂತ ಹೆಚ್ಚು ವಿಷ.

ಪುಟ್ಟಯ್ಯ ಭದ್ರಾವತಿಯ ಓಲ್ಡ್ ಟೌನಿನವನು, ಕಾರ್ಖಾನೆಯ ಕೆಲಸಗಾರ. ಹೋದ ತಿಂಗಳು ಅಲ್ಲಿ ಶಿವಪ್ರಸಾದರು ಸ್ಲೈಡ್ ತೋರಿಸಿ ಮಾಡಿದ ಭಾಷಣವನ್ನು ಮುಂದಿನ ಸಾಲಿನಲ್ಲೇ ಕೂತು ಕೇಳಿದ್ದ. ಸೋಮವಾರ ನಸುಕಿನಲ್ಲಿ, ಚಾಪೆಯ ಮೇಲೆ ಮಲಗಿದ್ದ ಹೆಂಡತಿ ಕರಿಬಸಮ್ಮನ ಕೈಗೆ ಈ ಹಾವು ಕಚ್ಚಿತು. ನೋವಿಲ್ಲ, ಊತವಿಲ್ಲ. ಆದರೂ ಆಸ್ಪತ್ರೆಗೆ ಹೋಗೋಣ ಎಂದಳಂತೆ. ಇದು ತೋಳ ಹಾವು, ವಿಷವಿಲ್ಲ, ಪರದೆಯ ಮೇಲೆ ನಾನೇ ನೋಡಿದ್ದೇನೆ ಎಂದು ಪುಟ್ಟಯ್ಯ ಧೈರ್ಯ ಹೇಳಿ, ಕಾಫಿ ಕಾಸಿಕೊಟ್ಟ. ಹತ್ತು ಗಂಟೆಗೆ ಅವಳಿಗೆ ರೆಪ್ಪೆ ಎತ್ತಲಾಗಲಿಲ್ಲ. ಆಟೋ ಬರುವಷ್ಟರಲ್ಲಿ ಉಸಿರು ನಿಂತಿತ್ತು.

ಶಿವಪ್ರಸಾದರು ಸ್ಲೈಡಿನ ಪೆಟ್ಟಿಗೆ ತೆಗೆದರು. ಆವತ್ತು ಕರೆಂಟು ಹೋಗಿ, ಪೆಟ್ಟಿಗೆ ಕೈಜಾರಿ, ಸ್ಲೈಡುಗಳನ್ನು ಕತ್ತಲಲ್ಲೇ ಆತುರಾತುರವಾಗಿ ಜೋಡಿಸಿದ್ದರು. ಮಾತಾಡುವಾಗ ಪರದೆಯತ್ತ ತಿರುಗಿ ನೋಡುವ ಅಭ್ಯಾಸ ಅವರಿಗಿಲ್ಲ. ಎಲ್ಲ ಬಾಯಿಪಾಠ ಎಂಬ ಜಂಬ. ಎರಡು ಸ್ಲೈಡುಗಳನ್ನು ಕಿಟಕಿಯ ಬೆಳಕಿಗೆ ಹಿಡಿದರು. ತೋಳ ಹಾವಿನ ಜಾಗದಲ್ಲಿ ಕಟ್ಟು ಹಾವಿತ್ತು.

"ಮಗಳು ಮೈತ್ರಿ ನನ್ನ ಹತ್ರ ಮಾತೇ ಬಿಟ್ಟಿದಾಳೆ ಸಾರ್," ಎಂದ ಪುಟ್ಟಯ್ಯ. "ಅಮ್ಮನ್ನ ನಾನೇ ಸಾಯಿಸ್ದೆ ಅಂತಾಳೆ. ಇದಕ್ಕೆ ವಿಷ ಇಲ್ಲ, ಬೇರೇನೋ ಆಗಿ ಹೋದ್ಲು ಅಂತ ಒಂದು ಚೀಟಿ ಬರ್ಕೊಡಿ. ನಿಮ್ಮ ಮಾತು ನಂಬ್ತಾಳೆ."

ಹೇಳಿಬಿಡಬೇಕೆಂದು ಶಿವಪ್ರಸಾದರು ಎರಡು ಸಲ ಬಾಯಿ ತೆರೆದರು. ಇಪ್ಪತ್ತು ವರ್ಷದ ವಿದ್ಯೆ ಒಂದು ವಾಕ್ಯಕ್ಕೂ ನೆರವಾಗಲಿಲ್ಲ. ಕೊನೆಗೆ ಹಾಳೆ ಎಳೆದುಕೊಂಡು ಬರೆದರು: 'ಇದು ಕಟ್ಟು ಹಾವು. ನಿಮ್ಮ ತಂದೆ ನಾನು ತೋರಿಸಿದ್ದನ್ನು ನಂಬಿದರು. ನಾನು ತೋರಿಸಿದ್ದೇ ತಪ್ಪು.' ಕೆಳಗೆ ಸಹಿ ಹಾಕಿದರು.

ಪುಟ್ಟಯ್ಯ ಕನ್ನಡಕ ತಂದಿರಲಿಲ್ಲ. ಮೈತ್ರಿಯೇ ಓದಿಕೊಳ್ಳುತ್ತಾಳೆ ಎಂದು ಚೀಟಿಯನ್ನು ಕಣ್ಣಿಗೊತ್ತಿ ಜೇಬಿಗಿಟ್ಟುಕೊಂಡ. ಬಂದಾಗ ಬಾಡಿದ್ದ ಮುಖ ಈಗ ಸ್ವಲ್ಪ ಗೆಲುವಾಗಿತ್ತು. ಶಿವಪ್ರಸಾದರು ಅವನನ್ನು ತಡೆಯಲಿಲ್ಲ.

ಬಾಗಿಲಲ್ಲಿ ಅವನೇ ತಿರುಗಿ ನಿಂತ.

"ಅದನ್ನ ಬೇಗ ಕಾಡಿಗೆ ಬಿಟ್ಬಿಡಿ ಸಾರ್. ಪಾಪ, ನಾಲ್ಕು ದಿನದಿಂದ ಉಪವಾಸ ಇದೆ."