ಎರಡನೇ ಮಹಡಿಯ ಫ್ರೌ ಶ್ಟುಕಿ

ನೆವೆನಾ ಖಾಲಿ ಬಾಟಲಿಯನ್ನು ಹಳೆಯ ಗಾಜು ಹಾಕುವ ತೊಟ್ಟಿಯ ಬಾಯಿಗೆ ಹಿಡಿದಿದ್ದಳಷ್ಟೆ, ಮೇಲೆ ಕಿಟಕಿ ಧಡಾರನೆ ತೆರೆಯಿತು.

“ಏನ್ರೀ ಅದು? ಇವತ್ತು ಭಾನುವಾರ!”

ಎರಡನೇ ಮಹಡಿಯ ಫ್ರೌ ಶ್ಟುಕಿ, ಅಂದರೆ ಶ್ರೀಮತಿ ಶ್ಟುಕಿ. ತಲೆ ಬಾಚಿ, ಇಸ್ತ್ರಿ ಮಾಡಿದ ಬಿಳಿ ಕಾಲರು ಹಾಕಿಕೊಂಡು, ಬೈಯಲೆಂದೇ ಬೇಗ ಎದ್ದವರ ಹಾಗಿದ್ದರು.

“ಒಂದೇ ಬಾಟಲಿ, ಮೇಡಂ...”

“ಒಂದಾದ್ರೇನು, ಹತ್ತಾದ್ರೇನು? ಭಾನುವಾರ ಸದ್ದು ಮಾಡ್ಬಾರ್ದು. ಈ ದೇಶಕ್ಕೆ ಬಂದ್ಮೇಲೆ ಈ ದೇಶದ ರೀತಿ ಕಲೀರಿ!”

ಬೈದದ್ದು ನೆವೆನಾಳನ್ನು, ಕೇಳಿಸಿದ್ದು ಇಡೀ ಕಟ್ಟಡಕ್ಕೆ. ಕೆಳಮನೆಯ ಗೆರ್ಬರ್ ಬಾಗಿಲು ತೆರೆದು, ಹೊರಗಿಟ್ಟಿದ್ದ ಬಿಯರ್ ಬಾಟಲಿಗಳ ಬುಟ್ಟಿಯನ್ನು ಮೆಲ್ಲಗೆ ಒಳಗೆಳೆದುಕೊಂಡ. ಏಳು ತಲೆಮಾರಿನಿಂದ ಈ ಊರಿನವನು, ಊರಾಡಳಿತದ ಯಾವುದೋ ಸಮಿತಿಯ ಹಿರಿಯ ಬೇರೆ. ಆದರೂ ಭಾನುವಾರ ಬಾಟಲಿ ಎಸೆಯುವುದರಲ್ಲಿ ಅವನದು ಎತ್ತಿದ ಕೈ.

ನೆವೆನಾ ಬಾಟಲಿ ಹಿಡಿದುಕೊಂಡೇ ಅಟ್ಟದ ಕೋಣೆಗೆ ಮೆಟ್ಟಿಲು ಹತ್ತಿದಳು. ಅವಮಾನವಾಗಿತ್ತು ನಿಜ. ಆದರೆ ಮೂರನೇ ಮಹಡಿ ತಲುಪುವಷ್ಟರಲ್ಲಿ ನಗು ಬಂತು. ಅರಸುವ ಬಳ್ಳಿ ಕಾಲಿಗೆ ತೊಡರಿತ್ತು.

ಅವಳು ಮ್ಯಾಸಿಡೋನಿಯಾದ ಪ್ರಿಲೆಪ್ ಊರಿನ ಹುಡುಗಿ. ಸಮಾಜಶಾಸ್ತ್ರದ ಎಂ.ಎ. ಓದುತ್ತ ಒಂದು ಸೆಮಿಸ್ಟರಿಗೆಂದು ಸ್ವಿಸ್ ರಾಜಧಾನಿ ಬರ್ನ್‌ಗೆ ಬಂದಿದ್ದಳು. ಹೊರಗಿನಿಂದ ಬಂದವರಿಗೆ ಪ್ರೊಫೆಸರರು ಇಟ್ಟಿದ್ದು ಒಂದೇ ಪರೀಕ್ಷೆ: ಇಲ್ಲೇ ಹುಟ್ಟಿ ಬೆಳೆದ ಒಬ್ಬರನ್ನು ಹಿಡಿದು, ಅವರ ಬದುಕಿನ ರೀತಿನೀತಿ ನೋಡಿ ಪ್ರಬಂಧ ಬರೆಯಬೇಕು. ಅದು ಕೆಟ್ಟರೆ ಸೆಮಿಸ್ಟರೂ ಹೋಯಿತು, ವಿದ್ಯಾರ್ಥಿವೇತನವೂ ಹೋಯಿತು. ಊರಿಗೆ ಹೋಗಿ ಅಪ್ಪನಿಗೆ ಮುಖ ತೋರಿಸುವ ಹಾಗಿರಲಿಲ್ಲ.

ಮರುದಿನ ಫ್ರೌ ಶ್ಟುಕಿಯ ಬಾಗಿಲು ತಟ್ಟಿದಳು.

“ನಿಮ್ಮ ಬಗ್ಗೆ ಬರೀಬಹುದಾ, ಮೇಡಂ?”

“ನನ್ನ ಬಗ್ಗೆನಾ? ಏನಂತ?”

“ಅಪ್ಪಟ ಸ್ವಿಸ್ ಹೆಂಗಸು ಅಂತ.”

ಫ್ರೌ ಶ್ಟುಕಿ ಬಾಗಿಲ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡರು. “ಯೂನಿವರ್ಸಿಟಿ ಕಾಗದದ ಮೇಲೆ ಬರೀತೀರಾ?”

“ಹೌದು. ನೀವು ಇಲ್ಲಿನೋರೇ ತಾನೇ?”

“ಮತ್ತೆ? ಇಪ್ಪತ್ತೈದು ವರ್ಷದಿಂದ ಈ ಮೆಟ್ಟಿಲು ಒರೆಸ್ತಿರೋರು ಯಾರು ಅಂದ್ಕೊಂಡ್ರಿ? ಶೂ ಬಿಚ್ಚಿ ಒಳಗೆ ಬನ್ನಿ.”

ಇನ್ನೇನು ಬೇಕು? ನೆವೆನಾ ಶೂ ಬಿಚ್ಚಿದಳು.

ಅಂದಿನಿಂದ ಅವಳಿಗೆ ಹಬ್ಬ. ಫ್ರೌ ಶ್ಟುಕಿ ಹಳೆಯ ಪತ್ರಿಕೆಗಳನ್ನು ಅಂಚಿಗೆ ಅಂಚು ಕೂಡಿಸಿ ದಾರದಿಂದ ಕಟ್ಟುತ್ತಿದ್ದರು. ಬಟ್ಟೆ ಒಗೆಯುವ ಕೋಣೆಯ ತಮ್ಮ ಸರದಿ ಮುಗಿಯುವ ಮೊದಲೇ ನೆಲ ಒರೆಸಿ, ಕೀಲಿಯನ್ನು ಮುಂದಿನವರ ಕೈಗಿಡುತ್ತಿದ್ದರು. ಬ್ರೆಡ್ಡಿನ ಹಿಟ್ಟು ನಾದುತ್ತ ದೇಶದ ಏಳು ಮಂತ್ರಿಗಳ ಹೆಸರನ್ನು ವಿಷ್ಣು ಸಹಸ್ರನಾಮದಂತೆ ಜಪಿಸುತ್ತಿದ್ದರು. ಗೆರ್ಬರನನ್ನು ಕೇಳಿದರೆ ಅವನು ನಾಲ್ಕಕ್ಕೇ ನಿಂತು ತಲೆ ಕೆರೆದುಕೊಂಡ.

ಮಾತೂ ಅಷ್ಟೇ. ಗೆರ್ಬರ್ ಊರ ಆಡುಮಾತಿನಲ್ಲಿ ಗೊಣಗಿದರೆ ನೆವೆನಾಗೆ ತಲೆಬುಡ ತಿಳಿಯುತ್ತಿರಲಿಲ್ಲ. ಫ್ರೌ ಶ್ಟುಕಿಯ ಜರ್ಮನ್ ಹಾಗಲ್ಲ, ಪಠ್ಯಪುಸ್ತಕದ ಹಾಗೆ ಬಿಡಿಬಿಡಿ. ಈ ದೇಶದಲ್ಲಿ ಅವಳಿಗೆ ಸಲೀಸಾಗಿ ಅರ್ಥವಾಗುತ್ತಿದ್ದ ಜರ್ಮನ್ ಅದೊಂದೇ. ಪರದೇಶದ ಹುಡುಗಿಗೆ ತಿಳಿಯಲೆಂದೇ ಹೀಗೆ ಬಿಡಿಸಿ ಮಾತಾಡುತ್ತಾರೆ, ಎಷ್ಟು ಕಾಳಜಿ ಎಂದು ಅವಳ ಮನಸ್ಸು ತುಂಬಿ ಬಂತು.

ಅಕ್ಟೋಬರಿನಲ್ಲಿ ಊರ ನೆನಪು ಕಾಡಿತು. ಅಲ್ಲಿ ಮನೆಮನೆಯಲ್ಲೂ ಕೆಂಪು ದೊಣ್ಣೆಮೆಣಸಿನಕಾಯಿ ಸುಟ್ಟು ಐವಾರ್ ಎಂಬ ಚಟ್ನಿ ಮಾಡುವ ಕಾಲ. ತಡೆಯಲಾರದೆ ನೆವೆನಾ ಅಟ್ಟದ ಒಲೆಯಲ್ಲಿ ಒಂದು ಬುಟ್ಟಿ ಮೆಣಸಿನಕಾಯಿ ಸುಟ್ಟಳು. ಕಟ್ಟಡವೆಲ್ಲ ಘಮ್ಮೆಂದಿತು. ಫ್ರೌ ಶ್ಟುಕಿ ಏದುಸಿರು ಬಿಡುತ್ತ ಹತ್ತಿಬಂದರು.

“ಏನಿದು ವಾಸನೆ! ಇದೇನು ಮನೆಯೋ, ಸಂತೆಯೋ?” ಎಂದು ಮೆಟ್ಟಿಲ ಕಡೆಗೆ ತಿರುಗಿ ಗದರಿದರು. ಆಮೇಲೆ ಬಾಗಿಲಲ್ಲೇ ನಿಂತು ಒಲೆಯ ಕಡೆ ನೋಡಿದರು. ಹೊಗೆಗೆ ಕಣ್ಣಲ್ಲಿ ನೀರು ಬಂದಿತ್ತು. ಹೊರಡುವಾಗ ದನಿ ತಗ್ಗಿಸಿ ಹೇಳಿದರು, “ಬಿಸಿ ಇರೋವಾಗ್ಲೇ ಚೀಲಕ್ಕೆ ಹಾಕಿ ಬಾಯಿ ಕಟ್ಟಿಡಿ. ಸಿಪ್ಪೆ ತಾನಾಗೇ ಬಿಡುತ್ತೆ.”

‘ಸ್ವಿಸ್ಸರ ಬಳಿ ಮೆಣಸಿನಕಾಯಿಗೂ ಒಂದು ನಿಯಮವಿದೆ’ ಎಂದು ನೆವೆನಾ ಆ ರಾತ್ರಿ ಹಿಗ್ಗಿನಿಂದ ಬರೆದಳು.

ಸೆಮಿಸ್ಟರಿನ ಕೊನೆಯ ವಾರ ಬಂತು. ಪ್ರಬಂಧ ಒಪ್ಪಿಸುವ ಮೊದಲು ಅದನ್ನು ಓದಿ ಸಹಿ ಹಾಕಬೇಕಾದವರು ಫ್ರೌ ಶ್ಟುಕಿಯೇ. ಅವರು ಕನ್ನಡಕ ಏರಿಸಿಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದರು.

“‘ಈ ಶಿಸ್ತು ಕಲಿತು ಬರುವಂಥದ್ದಲ್ಲ, ಹುಟ್ಟಿನಿಂದ ಬರುವಂಥದ್ದು’ ಅಂತ ಬರ್ದಿದೀರಿ.”

“ತಪ್ಪಾಯ್ತಾ, ಮೇಡಂ?”

“ತುಂಬಾ ಚೆನ್ನಾಗಿದೆ.” ಸಹಿ ಬಿತ್ತು. “ನನಗೊಂದು ಪ್ರತಿ ಬೇಕು. ಇವತ್ತೇ.”

“ಇವತ್ತೇನಾ? ‘ಹುಟ್ಟಿದ ಊರು’ ಅನ್ನೋ ಜಾಗ ಖಾಲಿ ಬಿಟ್ಟಿದೀನಿ. ಅದೊಂದು ಹೇಳ್ಬಿಡಿ, ತುಂಬಿಸಿ ಕೊಡ್ತೀನಿ.”

ಫ್ರೌ ಶ್ಟುಕಿ ಎದ್ದು ಹೋಗಿ ಮೆಟ್ಟಿಲ ಕಡೆ ಇಣುಕಿದರು. ಗೆರ್ಬರನ ಬಾಗಿಲು ಮುಚ್ಚಿತ್ತು. ತಮ್ಮ ಬಾಗಿಲನ್ನೂ ಮುಚ್ಚಿ ಚಿಲಕ ಹಾಕಿದರು. ಕಪಾಟಿನ ಹಿಂದುಗಡೆ ಕೈಹಾಕಿ ಒಂದು ಜಾಡಿ ತೆಗೆದು ಮೇಜಿನ ಮೇಲಿಟ್ಟರು. ಒಳಗಿದ್ದದ್ದು ಮನೆಯಲ್ಲೇ ಮಾಡಿದ, ಕೆಂಪನೆಯ ಐವಾರ್.

“ಕೂತ್ಕೋ ಮಗಳೇ,” ಎಂದರು, ಪ್ರಿಲೆಪ್ ಸಂತೆಬೀದಿಯ ಅಚ್ಚ ಮ್ಯಾಸಿಡೋನಿಯನ್‌ನಲ್ಲಿ, “ನಾಳೆ ಗೆರ್ಬರನ ಸಮಿತಿ ಮುಂದೆ ನನ್ನ ಪೌರತ್ವದ ಸಂದರ್ಶನ, ಅದು ಮುಗಿಯೋವರೆಗೂ ಆ ಊರಿನ ಜಾಗಾನ ಖಾಲೀನೇ ಬಿಡು ಕಣೇ.”