ಅಳಿಯಂದಿರ ಫೋಟೋ

ಎಂಟರ್ ಒತ್ತಲು ಹೋದ ಬೆರಳನ್ನು ಅವಳು ಹಾಗೇ ಹಿಂದಕ್ಕೆ ತೆಗೆದುಕೊಂಡಳು. ಅವಳು ನೋಡಿಕೊಳ್ಳುತ್ತಿದ್ದ ಆಫೀಸಿನ ಮೇಲ್ ಸರ್ವರಿನಲ್ಲಿ, ಬೇಡದ ಮೇಲ್‌ಗಳನ್ನು ಸೋಸುವ ಸ್ಪ್ಯಾಮ್ ಫಿಲ್ಟರ್ ಪದೇ ಪದೇ ಯಾಕೆ ಕುಸಿದು ಬೀಳುತ್ತಿದೆ ಎಂಬುದು ಈಗಷ್ಟೇ ಗೊತ್ತಾಗಿತ್ತು. ಮಾಲೀಕರ ಅಳಿಯ ತನ್ನ ಪ್ರತಿ ಮೇಲ್‌ನ ಕೊನೆಗೆ ಕೈಕಟ್ಟಿ ನಿಂತ ತನ್ನದೇ ಭಾರೀ ಫೋಟೋ ಅಂಟಿಸುತ್ತಿದ್ದ. ಅದನ್ನು ಬಿಚ್ಚಿ ನೋಡಲು ಹೋದಾಗಲೆಲ್ಲ ಫಿಲ್ಟರ್ ಉಸಿರುಗಟ್ಟಿ ಸಾಯುತ್ತಿತ್ತು, ಇಡೀ ಆಫೀಸಿನ ಮೇಲ್ ನಿಂತುಹೋಗುತ್ತಿತ್ತು. ದೊಡ್ಡ ಚಿತ್ರಗಳನ್ನು ನೋಡದೆ ಬಿಡು ಎನ್ನುವ ಒಂದೇ ಸಾಲು ಸಾಕು, ಅದನ್ನು ಟೈಪ್ ಮಾಡಿಯೂ ಆಗಿತ್ತು. ಅಷ್ಟರಲ್ಲಿ ಮಾಲೀಕರು ಬಾಗಿಲಿಗೆ ಬಂದರು, ಬೆನ್ನಿಗೇ ಅಳಿಯ.

"ನಿನ್ನೆ ಎಲ್ಲರ ಮುಂದೇನೇ ಹೇಳಿದ್ನಲ್ಲ ಮಾವ, ಇವಳು ಕತ್ತೆ ಕಾಯೋಕೆ ಲಾಯಕ್ಕು."

"ಈಗ ಓಡ್ತಿದೆ ಸರ್," ಎಂದಳು ಅವಳು, ಬೆಣ್ಣೆಯಂಥ ದನಿಯಲ್ಲಿ. "ಮೊದಲು ದೊಡ್ಡ ಸರ್ ಒಂದು ಮೇಲ್ ಕಳಿಸ್ಲಿ, ಆಮೇಲೆ ನೀವು." ಮಾಲೀಕರು ಕಳಿಸಿದರು; ಫಿಲ್ಟರ್ ಓಡುತ್ತಿದೆ ಎಂದು ತೋರಿಸುವ ಪರದೆಯ ಹಸಿರು ಚುಕ್ಕೆ ಹಸಿರಾಗಿಯೇ ಇತ್ತು. ಅಳಿಯ ಕಳಿಸಿದ, ಕೆಂಪಾಯಿತು. ಅವಳು ಫಿಲ್ಟರನ್ನು ಮತ್ತೆ ಎಬ್ಬಿಸಿದಳು. "ಈಗ ಆ ಫೋಟೋ ತೆಗೆದು ಕಳಿಸಿ ಸರ್." ಅಕ್ಕಪಕ್ಕದ ಮೇಜಿನವರೆಲ್ಲ ಕತ್ತು ಚಾಚಿ ನೋಡುತ್ತಿದ್ದಂತೆ ಅವನು ತನ್ನ ಮುಖವನ್ನು ತಾನೇ ಅಳಿಸಿ ಕಳಿಸಿದ. ಚುಕ್ಕೆ ಹಸಿರಾಗಿಯೇ ಉಳಿಯಿತು.

"ಇಷ್ಟು ದಿನ ನಮ್ಮ ವ್ಯಾಪಾರದ ಕುತ್ತಿಗೆ ಹಿಸುಕಿದ್ದು ನಿಮ್ಮ ಮುಖಾನಾ ಅಳಿಯಂದಿರೇ?" ಎಂದರು ಮಾಲೀಕರು. ಯಾರೋ ಕಿಸಕ್ಕನೆ ನಕ್ಕರು. ಅಳಿಯ ಅವಳ ಕಡೆ ಬಗ್ಗಿ ಪಿಸುಗುಟ್ಟಿದ, "ಫೋಟೋ ಇಟ್ಕೊಂಡೇ ಸರಿಮಾಡೋಕೆ ಏನಾದ್ರೂ ದಾರಿ ಇದ್ಯಾ ಮೇಡಂ?"

"ಅಯ್ಯೋ, ಇಲ್ವಲ್ಲ ಸರ್," ಎನ್ನುತ್ತ ಅವಳು, ಟೈಪ್ ಮಾಡಿಟ್ಟಿದ್ದ ಆ ಸಾಲನ್ನು ಒಂದೊಂದೇ ಅಕ್ಷರವಾಗಿ ಅಳಿಸತೊಡಗಿದಳು.