ಎರಡನೆಯ ವೈರು

ಪರೀಕ್ಷೆ ಶುರುವಾಗಿ ಇನ್ನೂ ಸರಿಯಾಗಿ ಬಿಸಿಯೇರಿರಲಿಲ್ಲ, ಕಂಪ್ಯೂಟರುಗಳೆಲ್ಲ ಒಮ್ಮೆಗೇ ನಿಂತುಹೋದವು. ದಿಲ್‌ಸುಖ್‌ನಗರದ ಗುರುಬಸವನ ಕೋಚಿಂಗ್ ಸೆಂಟರಿನಲ್ಲಿ ಇದು ಮೊದಲ ಆನ್‌ಲೈನ್ ಪರೀಕ್ಷೆ. ಒಳಗೆ ಮಕ್ಕಳು, ಗಾಜಿನ ಆಚೆ ಅವರ ತಾಯಿತಂದೆಯರು. ಇವತ್ತು ಮೆಚ್ಚಿದರೆ ನಾಳೆ ಮಕ್ಕಳನ್ನು ಇಲ್ಲಿಗೇ ಸೇರಿಸುವವರು.

ಸಿಟ್ಟಿಗೆ ಕಣ್ಣೆದುರು ಸಿಕ್ಕವರೇ ಅಪರಾಧಿಗಳು. ಲ್ಯಾಬ್ ನೋಡಿಕೊಳ್ಳುವ ತಂಗಿ ಸುಭದ್ರಾಳ ಮೇಲೆ ಅವನು ಹರಿಹಾಯ್ದ.

"ನಿನ್ನ ಕೈಗೆ ಲ್ಯಾಬ್ ಕೊಟ್ಟದ್ದೇ ನನ್ನ ತಪ್ಪು! ಬಾರದ ಕೆಲಸಕ್ಕೆ ಯಾಕೆ ಕೈಹಾಕುತ್ತೀ?"

ಮನೆಯಲ್ಲಿ ಅಣ್ಣತಂಗಿಯರದು ಬಾಗಲಕೋಟೆ ಕಡೆಯ ಕನ್ನಡ. ಬೈದದ್ದು ಮಾತ್ರ ತೆಲುಗಿನಲ್ಲಿ, ನೆರೆದ ತೆಲುಗು ತಾಯಿತಂದೆಯರಿಗೆಲ್ಲ ತಿಳಿಯಲೆಂದೇ.

ಸುಭದ್ರಾ ಮೂಲೆಗೆ ಹೋಗಿ, ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಎರಡು ಸ್ವಿಚ್ ಡಬ್ಬಿಗಳ ನಡುವೆ ಹಾಕಿದ್ದ ವೈರುಗಳಲ್ಲಿ ಒಂದನ್ನು ಕಿತ್ತಳು. ಪರದೆಗಳಿಗೆ ಜೀವ ಬಂತು, ಪರೀಕ್ಷೆ ಹೇಗೋ ಮುಗಿಯಿತು. ಹೊರಡುವಾಗ ಒಬ್ಬ ತಾಯಿ, "ಸಾರ್, ಲ್ಯಾಬಿಗೆ ಕೆಲಸ ಗೊತ್ತಿರುವವರನ್ನು ಇಟ್ಟುಕೊಳ್ಳಿ" ಅಂದಳು. ಗುರುಬಸವ ತಲೆಯಾಡಿಸಿದ. ಸುಭದ್ರಾ ಅಲ್ಲೇ ನಿಂತಿದ್ದಳು.

ಎಲ್ಲರೂ ಹೋದ ಮೇಲೆ ಅವನು ಎರಡು ಕಪ್ ಚಹಾ ಹಿಡಿದು ಬಂದ. "ಏನಾಗಿತ್ತವ್ವಾ?"

"ಮುಂಜಾನೆ ಪರೀಕ್ಷಾ ಶುರುವಾದ ಕೂಡ್ಲೆ ಎರಡನೇ ವೈರ್ ನೀನ ಹಾಕಿದ್ದಿ, ಹೌದಲ್ಲೋ?"

"ಹೌದು. ನೆಟ್ ಭಾಳ ನಿಧಾನ ಓಡಾಕತ್ತಿತ್ತು. ಎರಡು ವೈರ್ ಕೂಡಿಸಿದ್ರ ಜೋರ್ ಓಡತೈತಿ ಅಂತ ನೀನ ಹೇಳಿದ್ದಿ."

"ಕೂಡಿಸಾಕ ಬರೋ ಸ್ವಿಚ್ ತಂದ್ರ ಅಂದಿದ್ದೆ ಅಣ್ಣಾ. ನಾ ಆರಿಸಿಕೊಟ್ಟಿದ್ದು ಬಿಟ್ಟು ಅಂಗಡಿಯಾಂವ ಹೇಳಿದ್ದು ತಂದಿ. ಇದಕ್ಕ ಎರಡು ವೈರ್ ಹಾಕಿದ್ರ, ಒಂದರಾಗ ಹೋದ ಮಾಹಿತಿ ಇನ್ನೊಂದರಾಗ ತಿರುಗಿ ಬರತೈತಿ. ಗಾಣದ ಎತ್ತಿನಂಗ ಅಲ್ಲೇ ಸುತ್ತತೈತಿ, ಎಲ್ಲಾ ನಿಂತಬಿಡತೈತಿ."

ಅಂಗಡಿಯ ಮಾತು ಅವನಿಗೆ ನೆನಪಾಯಿತು. 'ಅದರಷ್ಟೇ ತೂತು, ಅದರಂಥದ್ದೇ ಡಬ್ಬಿ. ನಿಮ್ಮ ತಂಗಿಗೇನು ಗೊತ್ತು ಸಾರ್?' ಅಂದಿದ್ದ ಅಂಗಡಿಯವನು. ಇವನೂ ನಕ್ಕಿದ್ದ. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಸುಳ್ಳಲ್ಲ. ಆ ನಗು ಈಗ ಅವನನ್ನೇ ಚುಚ್ಚಿತು.

"ಅಷ್ಟು ಮಂದ್ಯಾಗ ಇದನ್ಯಾಕ ಹೇಳಲಿಲ್ಲ?"

"ಹೇಳಿದ್ರ ನಿನ್ನ ಹೆಸರು ಏನ ಉಳೀತಿತ್ತು?"

ಗುರುಬಸವ ಕಪ್ ಕೆಳಗಿಟ್ಟ.

"ತಪ್ಪಾತವ್ವಾ. ಮನಸಿಗೆ ಹಚ್ಕೋಬ್ಯಾಡ."

ಸುಭದ್ರಾ ಗಾಜಿನ ಆಚೆಯ ಖಾಲಿ ಕುರ್ಚಿಗಳನ್ನು ನೋಡಿದಳು.

"ಬೈಯುವಾಗ ತೆಲುಗಿನಾಗ ಬೈದಿ ಅಣ್ಣಾ," ಅಂದಳು. "ತಪ್ಪಾತು ಅನ್ನೂದು ಮಾತ್ರ ಕನ್ನಡದಾಗ."